ಪಕ್ಕದ ಸೀಟಿನ ಬ್ರೇಕು

ಕಾರು ಕಲಿಸುವವರಲ್ಲಿ ಎರಡು ಬಗೆ. ಬಾಯಲ್ಲಿ ಕಲಿಸುವವರು ಒಂದು ಬಗೆ, ಕಾಲಲ್ಲಿ ಕಲಿಸುವವರು ಇನ್ನೊಂದು. ಮೊದಲಿನವರು ಪಕ್ಕದಲ್ಲಿ ಕೂತು ಗಂಟಲು ಹರಿದುಕೊಳ್ಳುತ್ತಾರೆ, ಕಲಿಯುವವನ ಅಪ್ಪ ಅಮ್ಮನನ್ನೂ ಮಧ್ಯೆ ಎಳೆದು ತರುತ್ತಾರೆ. ನಮ್ಮ ಬ್ರೇಕ್ ಮೇಷ್ಟ್ರು ಎರಡನೆಯ ಬಗೆ. ಡ್ರೈವಿಂಗ್ ಶಾಲೆಯ ಎಲ್ಲ ಕಾರುಗಳಂತೆ ಅವರ ಕಾರಿನಲ್ಲೂ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕಿತ್ತು. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರ ಕಾಲು ಅದರ ಮೇಲೆ ಕೂರುತ್ತಿತ್ತು. ಅದೂ ಎಷ್ಟು ಮೆತ್ತಗೆಂದರೆ, ತಾವೇ ನಿಲ್ಲಿಸಿದೆವೆಂದು ಕಲಿಯುವವರು ಬೀಗುತ್ತಿದ್ದರು. ಬೀಗಲಿ ಬಿಡಿ, ಧೈರ್ಯ ಬರುತ್ತೆ ಎನ್ನುತ್ತಿದ್ದರು ಮೇಷ್ಟ್ರು. ಊರಿನ ಅರ್ಧ ಜನ ಹಾಗೆ ಧೈರ್ಯ ತಂದುಕೊಂಡವರೇ.

ಅಂಥ ಕಾಲಿನ ಎದುರು ಒಂದು ಬೆಳಿಗ್ಗೆ ಪೇಪರ್ ಹಾಕುವವನ ಸೈಕಲ್ ಬಂತು. ಸ್ಟಿಯರಿಂಗ್ ಹಿಡಿದಿದ್ದವಳು ಆಸ್ಪತ್ರೆಯ ಒಬ್ಬ ನರ್ಸು, ಹೆದರಿ ಹೆದರಿ ಓಡಿಸುವ ಹುಡುಗಿ. ಎರಡು ಮನೆಗಳ ನಡುವಿನ ಸಂದಿಯಿಂದ ಸೈಕಲ್ ಹಿಂದೆ ಮುಂದೆ ನೋಡದೆ ರಸ್ತೆಗೆ ನುಗ್ಗಿತು. ಮೇಷ್ಟ್ರು ಒತ್ತಿದರು. ಕಾರು ನಿಂತಿತು, ಆದರೆ ನಿಲ್ಲುವ ಮುಂಚೆ ತಾಗಿತು. ಪೇಪರಿನವನ ತಲೆ ಫುಟ್‌ಪಾತಿನ ಕಲ್ಲಿಗೆ ಬಡಿಯಿತು, ಮತ್ತೆ ಅವನು ಏಳಲಿಲ್ಲ. ಎಷ್ಟೋ ವರ್ಷದಿಂದ ಮೇಷ್ಟ್ರ ಮನೆಯ ಮೆಟ್ಟಿಲ ಮೇಲೂ ಪೇಪರ್ ಎಸೆದು ಹೋಗುತ್ತಿದ್ದವನು ಅವನೇ.

ತನಿಖೆಯವರು ಬಂದರು, ಟೇಪು ಹಿಡಿದು ಅಳೆದರು, ಕಾರಿನ ಹೊಟ್ಟೆಯೊಳಗೆಲ್ಲ ಟಾರ್ಚು ಬಿಟ್ಟು ನೋಡಿದರು. ಮನುಷ್ಯರ ಕಾಲು ಇದಕ್ಕಿಂತ ಬೇಗ ಒತ್ತಲು ಸಾಧ್ಯವೇ ಇಲ್ಲ ಎಂದು ಬರೆದುಕೊಟ್ಟು ಹೋದರು. ಪೇಪರಿನವನ ಹೆಂಡತಿಯೂ ಅದನ್ನೇ ಹೇಳಿದಳು, ಆ ಮಹಾತಾಯಿ. ಆಕೆ ಮಾತಾಡುವಷ್ಟು ಹೊತ್ತೂ ಮೇಷ್ಟ್ರು ಆಕೆಯ ಮನೆಯ ಕುರ್ಚಿಯಲ್ಲಿ ಕೂತು, ಗೋಡೆಯ ಗಡಿಯಾರ ಐದು ನಿಮಿಷ ಮುಂದಿದೆಯಲ್ಲ ಎಂದುಕೊಳ್ಳುತ್ತಿದ್ದರು. ಮನೆಗೆ ಬಂದು, ಊಟಕ್ಕೆ ಏನು ಮಾಡಿದ್ದೀಯ ಎಂದು ಹೆಂಡತಿಯನ್ನು ಕೇಳಿದರು. ನರ್ಸು ಬಂದು ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಾಗ ನೀರು ಕೊಟ್ಟು, "ನಾಳೆ ಕ್ಲಾಸು ಎಂದಿನ ಹೊತ್ತಿಗೇ ಇದೆಯಮ್ಮ" ಎಂದರು. ಅವಳು ಅವರ ಮುಖವನ್ನೇ ನೋಡಿ ಎದ್ದು ಹೋದವಳು ಮತ್ತೆ ಬರಲಿಲ್ಲ.

ಕಲ್ಲು ಮನುಷ್ಯ ಎಂದು ಆಡಿಕೊಂಡವರೂ ಇದ್ದರು. ಬಾಯಿ ಇದ್ದವರು ಆಡಿಕೊಳ್ಳುತ್ತಾರೆ, ಅವರಿಗೇನು. ಆದರೆ ಮೇಷ್ಟ್ರಿಗೆ ತಮ್ಮ ಸ್ಥಿತಿ ತಿಳಿಯದೆ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಮರಗಟ್ಟುತ್ತದಲ್ಲ, ಅವರ ಒಳಗೆಲ್ಲ ಹಾಗಾಗಿತ್ತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ದುಃಖವಾಗಲಿ ಭಯವಾಗಲಿ ಹತ್ತಿರ ಸುಳಿಯಲಿಲ್ಲ. ಕ್ಲಾಸು ಇದೆ ಎಂದಿದ್ದರೂ ಶಾಲೆಯ ಬಾಗಿಲನ್ನು ಮಾತ್ರ ಅವರು ಮತ್ತೆ ತೆರೆಯಲಿಲ್ಲ.

ಅವರ ಹೆಂಡತಿಗೆ ಊರೆಲ್ಲ ಆಫೀಸಮ್ಮ ಎನ್ನುತ್ತಿತ್ತು. ಶಾಲೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಯಾರಿಗೆ ಯಾವ ಹೊತ್ತಿಗೆ ಕ್ಲಾಸು, ಯಾರು ತಡವಾಗಿ ಬಂದರು, ಯಾರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸುತ್ತಾರೆ ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಆಕೆ. ಗಂಡ ಇಡೀ ದಿನ ಆಡದ ಮಾತನ್ನೆಲ್ಲ ಸೇರಿಸಿ ಆಕೆಯೇ ಆಡುತ್ತಿದ್ದಳು. ಲೈಸೆನ್ಸ್ ಇತ್ತು, ಕೈ ಚೆನ್ನಾಗಿಯೇ ಇತ್ತು. ಆದರೆ ಗಂಡ ಪಕ್ಕದಲ್ಲಿ ಕೂರದೆ ಒಂದು ಬೀದಿಯೂ ಓಡಿಸಿದವಳಲ್ಲ. "ನಿಮ್ಮ ಕಾಲು ಪಕ್ಕದಲ್ಲಿದ್ರೆ ನಾನು ಚಂದ್ರಲೋಕಕ್ಕೂ ಓಡಿಸ್ತೀನಿ, ಇಲ್ದಿದ್ರೆ ಹಿತ್ತಲಿಗೂ ಇಲ್ಲ" ಎನ್ನುತ್ತಿದ್ದಳು.

ಪ್ರವಾಸದ ಯೋಚನೆ ಅವಳ ತಮ್ಮನದು. "ಅಕ್ಕ, ಭಾವ ಹಿಂಗೇ ಗೋಡೆ ನೋಡ್ತಾ ಕೂತ್ರೆ ಆಗಲ್ಲ. ಸಮುದ್ರದ ಪಕ್ಕದ ರಸ್ತೆ ಇದೆಯಲ್ಲ, ಅದನ್ನ ಹಿಡ್ಕೊಂಡು ಹೋಗಿ. ಕೋಟೆ, ದೀಪಸ್ತಂಭ, ಹಳೇ ಬಂದರು ಎಲ್ಲಾ ನೋಡ್ಕೊಂಡು, ಮನಸ್ಸು ಬಂದ ಕಡೆ ಇಳ್ಕೊಂಡು ಬನ್ನಿ. ಅವಸರ ಮಾಡ್ಬೇಡಿ" ಎಂದ.

"ಭಾವ ಓಡಿಸ್ಬೇಕಲ್ಲ," ಎಂದಳು ಅಕ್ಕ.

"ನೀನು ಓಡ್ಸು. ಪಕ್ಕದಲ್ಲಿ ಅವರಿರ್ತಾರಲ್ಲ."

ಮೇಷ್ಟ್ರು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಹೊರಡುವ ಹಿಂದಿನ ಸಂಜೆ, ಹೆಂಡತಿ ಒಳಗೆ ಬಟ್ಟೆ ಮಡಿಸುತ್ತಿದ್ದಾಗ, ಸ್ಪ್ಯಾನರ್ ಹಿಡಿದು ಕಾರಿನೊಳಗೆ ತೂರಿಕೊಂಡರು. ಎರಡು ಬ್ರೇಕುಗಳನ್ನು ಕೂಡಿಸುವ ಒಂದು ರಾಡು ಇರುತ್ತದೆ, ನಟ್ಟು ಸಡಿಲಿಸಿದರೆ ಬಿಚ್ಚಿ ಬರುವಂಥದ್ದು. ಅದನ್ನು ಬಿಚ್ಚಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಇಟ್ಟರು. ಪಕ್ಕದ ಸೀಟಿನ ಪೆಡಲು ಇದ್ದ ಜಾಗದಲ್ಲೇ ಇತ್ತು. ಒತ್ತಿದರೆ ಕೆಳಗೆ ಹೋಗುತ್ತಿತ್ತು, ಬಿಟ್ಟರೆ ಮೇಲೆ ಬರುತ್ತಿತ್ತು, ಕಾರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಹೆಂಡತಿಯ ಬ್ರೇಕು ಎಂದಿನಂತೆ ಹಿಡಿಯುತ್ತಿತ್ತು, ಅದನ್ನು ಮೂರು ಸಲ ನೋಡಿದರು. ಇನ್ನು ಏನೇ ಆದರೂ ಒತ್ತಬೇಕಾದ ಕಾಲು ತಮ್ಮದಲ್ಲ ಎಂದುಕೊಂಡರು. ಕೈ ತೊಳೆದುಕೊಂಡು ಒಳಗೆ ಬಂದರು.

ಅಲ್ಲ, ನೀವೇ ಹೇಳಿ, ಹೆಂಡತಿಗೆ ಒಂದು ಮಾತು ಹೇಳಬಹುದಿತ್ತಲ್ಲವೇ. ಅವಳು ಓಡಿಸುತ್ತಿದ್ದುದೇ ಆ ಕಾಲನ್ನು ನಂಬಿ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡರು. ಬೆಳಿಗ್ಗೆ ಅವಳು ಹೊಸ ಕನ್ನಡಕ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಬಂದು ಕೂತು, "ರೀ, ಕಾಲು ಇಟ್ಕೊಂಡಿದೀರಾ?" ಎಂದು ಕೇಳಿದಳು. ಮೇಷ್ಟ್ರು ಪೆಡಲಿನ ಮೇಲೆ ಕಾಲಿಟ್ಟರು. "ಇಟ್ಕೊಂಡಿದೀನಿ" ಎಂದರು. ಅದು ಸುಳ್ಳಾಗಿರಲಿಲ್ಲ.

ಕಾರಿನ ತಲೆಯ ಮೇಲೆ ಶಾಲೆಯ ಬೋರ್ಡು ಹಾಗೇ ಇತ್ತು. ಕಲಿಯುವವರ ವಾಹನ ಎಂದು ದಪ್ಪ ಕೆಂಪು ಅಕ್ಷರ. ಲಾರಿಯವರು ಅದನ್ನು ಕಂಡು ಮಾರು ದೂರ ಸರಿಯುತ್ತಿದ್ದರು, ಹಿಂದೆ ಬಂದವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು. ಮೊದಲ ಊರಿನಲ್ಲಿ ಇಳಿದುಕೊಂಡ ಹೋಟೆಲಿನ ಕಾವಲುಗಾರ ಬೋರ್ಡನ್ನೂ ಆಫೀಸಮ್ಮನ ನೆರೆತ ಕೂದಲನ್ನೂ ಒಮ್ಮೆಗೇ ನೋಡಿ, "ಈ ವಯಸ್ಸಲ್ಲಿ ಕಲೀತಿದೀರಾ ಅಮ್ಮ? ಭೇಷ್" ಎಂದ.

"ಇನ್ನೂ ಪಾಸಾಗಿಲ್ಲಪ್ಪ. ಮೇಷ್ಟ್ರು ಭಾರಿ ಕಟ್ಟುನಿಟ್ಟು," ಎಂದಳು ಅವಳು ಮುಖ ಸಪ್ಪೆ ಮಾಡಿಕೊಂಡು. ಕೋಣೆಗೆ ಬಂದು ಮಂಚದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ನಗುತ್ತಾರೇನೋ ಎಂದು ನಗುವಿನ ನಡುವೆಯೇ ಓರೆಗಣ್ಣಲ್ಲಿ ನೋಡಿದಳು. ಮೇಷ್ಟ್ರು ಕಿಟಕಿಯ ಪರದೆ ಸರಿಸಿದರು. ಕಿಟಕಿಯ ತುಂಬ ಸಮುದ್ರ ಇತ್ತು. ನೀರು ಬಹಳ ಇದೆ ಎಂದುಕೊಂಡರು.

ಹೀಗೆ ಹೊರಟಿತು ಸವಾರಿ. ಒಂದು ಊರಿನಲ್ಲಿ ಮೀನುದೋಣಿಗಳು ದಡಕ್ಕೆ ಬರುವುದನ್ನು ನೋಡಿದರು. ಇನ್ನೊಂದರಲ್ಲಿ ದೀಪಸ್ತಂಭ ಹತ್ತಿದರು. ಸುರುಳಿ ಮೆಟ್ಟಿಲು, ಆಫೀಸಮ್ಮ ನಾಲ್ಕು ಕಡೆ ಕೂತು ದಣಿವಾರಿಸಿಕೊಂಡು, ಕಟ್ಟಿಸಿದವನನ್ನು ಬೈದುಕೊಂಡೇ ಮೇಲೆ ಬಂದಳು. ಮೇಲೆ ಗಾಳಿ ಅವಳ ಸೆರಗನ್ನು ಎತ್ತಿ ಮುಖಕ್ಕೆ ಹೊಡೆಯಿತು. "ಎಷ್ಟು ಚೆನ್ನಾಗಿದೆ ಅಲ್ವೇನ್ರೀ" ಎಂದಳು. "ಚೆನ್ನಾಗಿದೆ" ಎಂದರು ಮೇಷ್ಟ್ರು. ಚೆನ್ನಾಗಿದೆ ಎಂಬುದು ಅವರಿಗೆ ಕಾಣುತ್ತಿತ್ತು. ನೀಲಿ ಇತ್ತು, ಬಿಳಿ ಇತ್ತು, ಹಕ್ಕಿಗಳಿದ್ದವು. ಕಂಡದ್ದು ಕಣ್ಣಿನಿಂದ ಒಳಗೆ ಇಳಿಯುತ್ತಿರಲಿಲ್ಲ.

ಹಳೆಯ ಸುಂಕದ ಕಟ್ಟೆಯನ್ನು ಮ್ಯೂಸಿಯಂ ಮಾಡಿದ್ದ ಊರಿನಲ್ಲಿ ಒಂದು ದೊಡ್ಡ ತುಕ್ಕು ಹಿಡಿದ ಲಂಗರಿನ ಪಕ್ಕ ಅವರನ್ನು ನಿಲ್ಲಿಸಿ ಫೋಟೋ ತೆಗೆದಳು. "ಸ್ವಲ್ಪ ನಗ್ರೀ, ಲಂಗರೇ ನಿಮಗಿಂತ ಲವಲವಿಕೆಯಾಗಿದೆ" ಎಂದಳು. ಮೇಷ್ಟ್ರು ಹಲ್ಲು ತೋರಿಸಿದರು. ಅವಳು ಫೋನಿನಲ್ಲಿ ಆ ಫೋಟೋವನ್ನು ಬಹಳ ಹೊತ್ತು ನೋಡಿ, ತಮ್ಮನಿಗೆ ಕಳಿಸದೆ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಅಲ್ಲೇ ಎದುರಿನ ಟೀ ಅಂಗಡಿಯಲ್ಲಿ ಕೂತಾಗ ಹೇಳಿಬಿಡೋಣ ಎನ್ನಿಸಿತು ಮೇಷ್ಟ್ರಿಗೆ. "ಲೇ ಇವಳೇ" ಎಂದರು. ಅವಳು ತಟ್ಟನೆ ಕಪ್ಪು ಕೆಳಗಿಟ್ಟು ಮುಂದಕ್ಕೆ ಬಾಗಿದಳು. ಎಷ್ಟೋ ದಿನದಿಂದ ಗಂಡ ತಾನಾಗಿ ಮಾತಿಗೆ ಬಂದದ್ದು ಅದೇ ಮೊದಲು. ಆ ಮುಖ ನೋಡಿ ಮೇಷ್ಟ್ರಿಗೆ ಏನು ಹೇಳಲು ಹೊರಟಿದ್ದೆ ಎಂಬುದು ನೆನಪಿತ್ತು, ಯಾಕೆ ಹೇಳಬೇಕು ಎಂಬುದು ಮರೆತುಹೋಯಿತು. "ಟೀಗೆ ಸಕ್ಕರೆ ಜಾಸ್ತಿಯಾಗಿದೆ" ಎಂದರು. "ಹೂಂ, ಜಾಸ್ತಿಯೇ" ಎಂದು ಅವಳು ಕಪ್ಪು ಎತ್ತಿಕೊಂಡಳು.

ಇಷ್ಟರಲ್ಲಿ ಅವಳ ಕೈ ಪಳಗುತ್ತಿತ್ತು. ಮೊದಮೊದಲು ಎತ್ತಿನಗಾಡಿಯವರೂ ನಾಚುವ ಹಾಗೆ ಓಡಿಸುತ್ತಿದ್ದವಳು ಬರಬರುತ್ತ ಲಾರಿಗಳನ್ನು ಹಿಂದೆ ಹಾಕತೊಡಗಿದಳು. ತಿರುವಿನಲ್ಲಿ ಬೆಟ್ಟದ ಕಡೆ ನೋಡುವಳು, ಸೇತುವೆಯ ಮೇಲೆ ನದಿಯ ಕಡೆ ನೋಡುವಳು, ಒಂದು ಕೈಯಲ್ಲಿ ಬಿಸ್ಕತ್ತು ತಿನ್ನುವಳು. ಒಮ್ಮೆ ಸೇತುವೆಯ ಹತ್ತಿರ ನಾಯಿ ಅಡ್ಡ ಬಂದಾಗ, ಮತ್ತೊಮ್ಮೆ ಒಂದು ಬಸ್ಸು ದಿಢೀರನೆ ಮುಂದೆ ನಿಂತಾಗ ಕಾರು ಸರಿಯಾದ ಹೊತ್ತಿಗೆ ನಿಂತಿತು. ನಿಲ್ಲಿಸಿದವಳು ಅವಳೇ. "ನೀವು ಒತ್ತಿದ್ದೇ ಸರಿಹೋಯ್ತು" ಎಂದಳು. ಇಬ್ಬರ ಕಾಲೂ ಒಟ್ಟಿಗೆ ಬೀಳುವ ಕಾರಿನಲ್ಲಿ ಯಾರು ಒತ್ತಿದ್ದೆಂದು ಹೇಳುವುದು ಕಷ್ಟ. ಅವಳಂತೂ ಎಲ್ಲವನ್ನೂ ಗಂಡನ ಲೆಕ್ಕಕ್ಕೇ ಬರೆಯುತ್ತ ಬಂದಿದ್ದಳು.

"ಇವತ್ತು ಬಿಡ್ರೀ, ನನಗೆ ಹೆದರಿಕೇನೇ ಹೋಗ್ಬಿಟ್ಟಿದೆ. ನೀವು ಹೇಗೂ ಇದ್ದೀರಲ್ಲ" ಎಂದಳು ಇನ್ನೊಮ್ಮೆ.

ಅವಳಿಗೆ ಏನಾದರೂ ಆದರೆ ಎಂದು ಮೇಷ್ಟ್ರು ತಮ್ಮನ್ನೇ ಕೇಳಿಕೊಂಡರು. ಕೇಳಿಕೊಂಡು ಕಾದರು. ಬಾಗಿಲು ತಟ್ಟಿ ಒಳಗಿನಿಂದ ಯಾರಾದರೂ ಬರುತ್ತಾರೆಯೇ ಎಂದು ನಿಲ್ಲುವ ಹಾಗೆ ಕಾದರು. ಯಾರೂ ಬರಲಿಲ್ಲ. ಈ ಹೆಂಗಸಿನ ಜೊತೆ ಒಂದು ಆಯುಷ್ಯ ಕಳೆದಿದ್ದೇನೆ, ಇವಳಿಗೆ ಜ್ವರ ಬಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ ಎಂಬುದೆಲ್ಲ ನೆನಪಿತ್ತು. ಬೇರೆ ಯಾರದೋ ಮನೆಯ ವಿಷಯದಂತೆ ನೆನಪಿತ್ತು. ಬಿಸ್ಕತ್ತಿನ ಪೊಟ್ಟಣ ಅವರ ಕಡೆ ಬಂತು, ಒಂದು ತೆಗೆದುಕೊಂಡರು.

ಕೊನೆಯ ಊರಿನಲ್ಲಿ ಕೋಟೆಯಿತ್ತು. ಸಮುದ್ರಕ್ಕೆ ಚಾಚಿದ ಗುಡ್ಡದ ಮೇಲೆ ಕಪ್ಪು ಕಲ್ಲಿನ ಕೋಟೆ, ಒಳಗೆ ಚಾವಣಿಯಿಲ್ಲದ ಕೋಣೆಗಳು, ಗೋಡೆಯ ಕಿಂಡಿಗಳಲ್ಲಿ ಬಾಯಿ ತೆರೆದ ಫಿರಂಗಿಗಳು. ನೋಡಲು ಬಂದವರು ಫಿರಂಗಿಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಬ್ಬರೂ ಒಂದು ಸುತ್ತು ಹಾಕಿ, ನೆರಳಿನಲ್ಲಿ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರಟರು. ಕೋಟೆಯ ಬಾಗಿಲಿನಿಂದ ಬಂದರಿನವರೆಗೆ ಒಂದೇ ಇಳಿಜಾರು. ಒಂದು ಕಡೆ ಅಂಗಡಿಗಳು, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಗೋಡೆಯ ಆಚೆ ನೀರು.

"ಅಯ್ಯೋ, ಆ ಹಡಗು ನೋಡ್ರೀ, ಎಷ್ಟು ದೊಡ್ಡದು," ಎಂದು ಆಫೀಸಮ್ಮ ಸಮುದ್ರದ ಕಡೆ ತಿರುಗಿದಳು. ನಿಜವಾಗಿಯೂ ತಿರುಗಿದಳು, ಕತ್ತು ಪೂರ್ತಿ ಹೊರಳಿಸಿ. ಪಕ್ಕದಲ್ಲಿ ಆ ಕಾಲು ಇರುವಾಗ ಅವಳಿಗೆ ಯಾತರ ಚಿಂತೆ.

ಮುಂದೆ ಅಂಗಡಿಯ ಸಾಲಿನಿಂದ ಒಬ್ಬ ಮನುಷ್ಯ ಹಿಂದೆ ಹಿಂದೆ ನಡೆಯುತ್ತ ರಸ್ತೆಗೆ ಇಳಿದ. ಮುಖದ ಮುಂದೆ ಕ್ಯಾಮೆರಾ, ಕಣ್ಣು ಕೋಟೆಯ ಮೇಲೆ, ಬೆನ್ನು ಕಾರಿನ ಕಡೆ.

ಮೇಷ್ಟ್ರು ಒತ್ತಿದರು. ಯೋಚಿಸಿ ಒತ್ತಿದ್ದಲ್ಲ. ಕಾಲು ತಾನಾಗಿ ಹೋಗಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿತು. ಪೆಡಲು ತಳ ಮುಟ್ಟಿತು. ಕಾರು ಹಾಗೇ ಇಳಿಯುತ್ತಿತ್ತು. ಇನ್ನೊಮ್ಮೆ ಒತ್ತಿದರು. ಹ್ಯಾಂಡ್ ಬ್ರೇಕ್ ಕೈಗೆಟುಕುವಂತಿತ್ತು, ಬಾಯಿ ಇತ್ತು, ಒಂದು ಕೂಗು ಹಾಕಿದರೆ ಸಾಕಿತ್ತು. ಜೀವಮಾನವೆಲ್ಲ ಕಾಲಲ್ಲಿ ಕಲಿಸಿದ ಮನುಷ್ಯನಿಗೆ ಅದೊಂದೂ ಹೊಳೆಯಲಿಲ್ಲ. ಸತ್ತ ಪೆಡಲನ್ನು ತುಳಿಯುತ್ತ ಕೂತರು.

ಆಫೀಸಮ್ಮ ಏನೋ ಹೇಳಲೆಂದು ಈ ಕಡೆ ತಿರುಗಿದಳು, ಕಂಡಳು, ಬ್ರೇಕಿನ ಮೇಲೆ ನಿಂತೇಬಿಟ್ಟಳು. ಟೈರು ಕಿರುಚಿತು. ಹಿಂದಿನ ಸೀಟಿನ ಚೀಲಗಳೆಲ್ಲ ಕೆಳಗೆ ಬಿದ್ದವು. ಬಂಪರು ಕ್ಯಾಮೆರಾದವನ ಪ್ಯಾಂಟನ್ನು ಸವರಿತು, ಅಷ್ಟೇ. ಅವನು ಹೌಹಾರಿ ತಿರುಗಿ, ಕಾರಿನ ತಲೆಯ ಮೇಲಿನ ಬೋರ್ಡು ನೋಡಿ, ಕಲಿಯುವವರಲ್ಲವೇ ಎಂದು ಕೈಬೀಸಿ ಕ್ಷಮಿಸಿ ಹೋದ.

ಅವಳು ಕಾರನ್ನು ಗೋಡೆಯ ಪಕ್ಕಕ್ಕೆ ತಂದು ಆಫ್ ಮಾಡಿದಳು. "ದೇವ್ರೇ," ಎಂದಳು. "ನೀವಿದ್ರಿ ಅಂತ ಬದುಕಿದ."

"ನಾನಲ್ಲ," ಎಂದರು ಮೇಷ್ಟ್ರು.

"ಏನು ನೀವಲ್ಲ?"

"ನಾನು ನಿಲ್ಲಿಸಿದ್ದಲ್ಲ. ಇದು ಹಿಡಿಯಲ್ಲ. ಊರು ಬಿಡೋ ಮುಂಚೆ ರಾಡು ಬಿಚ್ಚಿಟ್ಟಿದೀನಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿ ಅವರ ಕಾಲಿನ ಕಡೆ ನೋಡಿದಳು. ಕೈ ಚಾಚಿ ಆ ಪೆಡಲನ್ನು ಒತ್ತಿ ನೋಡಿದಳು. ತನ್ನ ಕಾಲಿನ ಕೆಳಗಿನ ಪೆಡಲು ಅಲುಗಾಡಲಿಲ್ಲ.

"ಆ ಬಸ್ಸು ನಿಂತಾಗ?"

"ನೀನೇ."

"ಸೇತುವೆ ಹತ್ರ ನಾಯಿ ಬಂದಾಗ?"

"ನೀನೇ."

"ಇಷ್ಟು ದೂರಾನೂ?"

"ಹೂಂ."

ಕೆಳಗೆ ಬಂದರಿನಲ್ಲಿ ಯಾರೋ ಹಲಗೆಗಳನ್ನು ಒಂದರ ಮೇಲೊಂದು ಎಸೆಯುತ್ತಿದ್ದರು. ಅವಳು ಪೆಡಲಿನಿಂದ ಕೈ ತೆಗೆದು ನೆಟ್ಟಗೆ ಕೂತಳು. ಆಮೇಲೆ, "ಯಾಕೆ?" ಎಂದಳು.

ಮೇಷ್ಟ್ರು ಇದ್ದದ್ದನ್ನೇ ಹೇಳಿದರು. "ಇನ್ನೊಂದ್ಸಲ ಹಂಗಾದ್ರೆ, ಒತ್ತಬೇಕಾದವನು ನಾನಾಗಿರಬಾರದು ಅನ್ನಿಸ್ತು."

"ಮತ್ತೆ ಯಾರಾಗಿರಬೇಕಿತ್ತು?"

ಅವರು ಪೆಡಲಿನ ಮೇಲಿಂದ ಕಾಲು ತೆಗೆದರು.

"ಹೇಳ್ರೀ. ಇವತ್ತು ಆ ಮನುಷ್ಯ ಹೋಗಿದ್ರೆ ಯಾರ ತಲೆಗೆ ಬರ್ತಿತ್ತು? ನನ್ನ ತಲೆಗೆ ತಾನೇ? ನೀವು ಪಕ್ಕದಲ್ಲಿ ಕೂತು ನೋಡ್ತಿದ್ರಿ." ದನಿ ಏರಿಸಲಿಲ್ಲ ಅವಳು. "ಒಂದು ಮಾತು ಹೇಳಿದ್ರೆ ನಾನು ಹುಷಾರಾಗಿ ಓಡಿಸ್ತಿದ್ದೆ. ಇಲ್ಲಾ ಬೇಡ ಅಂತಿದ್ದೆ. ಮನೇಲೇ ಇರ್ತಿದ್ವಿ. ನನಗೇನು ಸಮುದ್ರ ನೋಡೋ ಹುಚ್ಚಿತ್ತಾ? ನೀವೊಂದ್ಸಲ ನಗ್ತೀರೇನೋ ಅಂತ ಬಂದೆ."

"ಹೇಳ್ಬೇಕು ಅನ್ಕೊಂಡೆ," ಎಂದರು ಮೇಷ್ಟ್ರು. ಎಷ್ಟು ಬಡಕಲು ಮಾತದು ಎಂದು ಅವರಿಗೇ ತಿಳಿಯಿತು.

ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಕಣ್ಣಲ್ಲಿ ನೀರೇ ಇರಲಿಲ್ಲ. ಇಳಿದು, ಕಾರಿನ ಮುಂಭಾಗ ಸುತ್ತಿ ಬಂದು ಅವರ ಕಡೆಯ ಬಾಗಿಲು ತೆರೆದಳು. "ಇಳೀರಿ."

"ರಾಡು ಡಿಕ್ಕೀಲಿದೆ. ಈಗ್ಲೇ ಹಾಕ್ಬಿಡ್ತೀನಿ. ತುಂಬ ಹೊತ್ತಿನ ಕೆಲಸ ಅಲ್ಲ."

"ಬೇಡ. ಹಿಂದೆ ಕೂತ್ಕೊಳ್ಳಿ."

ಹಿಂದಿನ ಸೀಟು ಎಂದರೆ ತಮ್ಮ ಸರದಿಗೆ ಕಾಯುವ ವಿದ್ಯಾರ್ಥಿಗಳು ಕೂರುವ ಜಾಗ. ಮೇಷ್ಟ್ರು ಒಂದು ದಿನವೂ ಅಲ್ಲಿ ಕೂತವರಲ್ಲ. ಬಿದ್ದ ಚೀಲಗಳನ್ನು ಪಕ್ಕಕ್ಕೆ ಸರಿಸಿ, ಮೊಣಕಾಲು ಮಡಚಿಕೊಂಡು ಕೂತರು. ಕಾಲಿಡಲು ಅಲ್ಲಿ ಬರೀ ರಬ್ಬರಿನ ಚಾಪೆಯಿತ್ತು. ಹೆಂಡತಿ ಬಂದು ಕೂತು ಬೆಲ್ಟು ಹಾಕಿಕೊಂಡಳು, ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡಳು, ಹಿಂದೆ ಮುಂದೆ ನೋಡಿದಳು. ಕಾಲು ಇಟ್ಟುಕೊಂಡಿದ್ದೀರಾ ಎಂದು ಕೇಳಲಿಲ್ಲ. ಕಾರು ಇಳಿಜಾರಿಗೆ ಬಿತ್ತು.

ಇಳಿಜಾರಿನ ಬುಡದಲ್ಲಿ ದಾರಿಗಳು ಕೂಡುತ್ತಿದ್ದವು. ಬಂದರಿನ ಕಡೆಯಿಂದ ಮರದ ಹೊರೆ ಹೊತ್ತ ಲಾರಿ ಬರುತ್ತಿತ್ತು. ಮೇಷ್ಟ್ರ ಕಾಲು ಚಾಪೆಯನ್ನು ತುಳಿಯಿತು. ಅವಳು ನಿಲ್ಲಿಸಿ, ಲಾರಿಯನ್ನು ಹೋಗಲು ಬಿಟ್ಟು, ಮುಂದೆ ನಡೆದಳು. ಹಿಂದಿನಿಂದ ಅವರಿಗೆ ಅವಳ ಕತ್ತು ಕಾಣುತ್ತಿತ್ತು, ಅದರ ಮೇಲೆ ಸಣ್ಣಗೆ ಬೆವರು, ತುರುಬಿನಿಂದ ಜಾರಿದ ಒಂದೆಳೆ ಕೂದಲು. ಇಷ್ಟು ತೆಳ್ಳನೆಯ ಕತ್ತೇ ಇವಳದು ಎಂದುಕೊಂಡರು. ಅಷ್ಟರಲ್ಲಿ ಕೈ ಬೆರಳುಗಳು ತಾವಾಗಿ ಮುಂದಿನ ಸೀಟಿನ ಅಂಚನ್ನು ಕಚ್ಚಿ ಹಿಡಿದವು. ಹೆದರಿಕೆ. ಇವಳಿಗೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ. ಅದರ ಬೆನ್ನಿಗೇ ಪೇಪರಿನವನೂ ಬಂದ, ಸೈಕಲ್ ಸಮೇತ, ಕಾರಿನ ಕಡೆ ತಿರುಗಿದ ಮುಖದ ಸಮೇತ, ಅವನ ಹೆಂಡತಿ ಕೂತಿದ್ದ ಕೋಣೆಯ ಸಮೇತ. ಮೇಷ್ಟ್ರ ಕೆನ್ನೆ ಒದ್ದೆಯಾಯಿತು.

"ನಿಧಾನ ಕಣೇ," ಎಂದರು. "ನಿಧಾನವಾಗಿ ಹೋಗು."

ಕನ್ನಡಿಯಲ್ಲಿ ಅವಳ ಕಣ್ಣು ಕಾಣುತ್ತಿತ್ತು. ಅದು ಅವರ ಕಡೆ ಬರಲಿಲ್ಲ, ರಸ್ತೆಯ ಮೇಲೇ ಇತ್ತು. ಅವರು ನಿಧಾನ ಎಂದಾಗಲೆಲ್ಲ ಅವಳು ನಿಧಾನ ಮಾಡುತ್ತಿದ್ದಳು, ಮದುವೆಯಾದ ಹೊಸತರಿಂದಲೂ. ಈಗ ರಸ್ತೆ ಉದ್ದಕ್ಕೂ ಖಾಲಿಯಿತ್ತು, ಎರಡು ಬದಿಯೂ ಚೆನ್ನಾಗಿ ಕಾಣುತ್ತಿತ್ತು. ಅವಳು ಹೋಗುತ್ತಿದ್ದ ವೇಗದಲ್ಲೇ ಹೋದಳು.